ತೆಂಗಿನ ಸೀಮೆಯಲ್ಲಿ ಮಾದರಿ ವಿಮಾನಗಳ ಆರೈಕೆ

ನಿಜವಾದ ಒಂದು ವಿಮಾನದ ಆಕಾರ, ಅಳತೆ, ಬಣ್ಣಗಳನ್ನು ನಿಗದಿತ ಪ್ರಮಾಣದಲ್ಲಿ ಕಿರಿದು ಮಾಡಿ ಕಟ್ಟಿ, ನೆಲದ ಮೇಲೆ ನಿಂತು ರೇಡಿಯೋ ಸಂಕೇತದಿಂದ ಹಾರಿಸುವ ಯಂತ್ರವೇ ರೇಡಿಯೋ ನಿಯಂತ್ರಿತ ಮಾದರಿ ವಿಮಾನ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನದ ರೆಕ್ಕೆಯ ಹರವು ಸುಮಾರು 10.7 ಮೀಟರ್. ಅದನ್ನೇ ಆರನೇ ಒಂದು ಅಳತೆಯಲ್ಲಿ ಕಟ್ಟಿದರೆ ಹರವು 1.8 ಮೀಟರ್‌ಗೆ ಇಳಿಯುತ್ತದೆ. ಇಂಥ ಮಾದರಿಯಲ್ಲಿ ಹಗುರ ಮರ, ತೆಳು ಹೊದಿಕೆ, ಪುಟ್ಟ ಮೋಟಾರು, ಬ್ಯಾಟರಿ, ಸೂಕ್ಷ್ಮ ವಿದ್ಯುನ್ಮಾನ ಭಾಗಗಳು ಒಟ್ಟಿಗೆ ಇರುತ್ತವೆ. ಒಂದಕ್ಕೆ ಹಿತವಾದ ದ್ರವ ಇನ್ನೊಂದನ್ನು ಕೆಡಿಸಬಲ್ಲದು. ಆದ್ದರಿಂದ ಇದರ ಆರೈಕೆಗೆ ತನ್ನದೇ ಕ್ರಮವಿದೆ. ಆ ಕ್ರಮ ಊರಿನ ಮಣ್ಣು, ನೀರು, ಗಾಳಿ, ಮರಗಳಿಗೆ ತಕ್ಕಂತೆ ಬದಲಾಗುತ್ತದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ.

ಶುಚಿಗೊಳಿಸುವ ಕೆಲಸದ ಮುಖ್ಯ ಫಲ ಪರೀಕ್ಷೆ. ಹಸುವಿನ ಮೈ ತೊಳೆಯುವ ಕೈಗೆ ಉಣ್ಣೆಯೂ ಗಾಯವೂ ತಾನಾಗಿ ಸಿಗುವಂತೆ, ರೆಕ್ಕೆ ಒರೆಸುವ ಕೈಗೆ ಸಡಿಲಗೊಂಡ ಕೀಲು, ಎದ್ದ ಹೊದಿಕೆ, ಒಳಗೆ ಮುರಿದ ಪಟ್ಟಿ ಸಿಗುತ್ತವೆ. ಹೊಳಪಿಗೆ ಎರಡನೆಯ ಸ್ಥಾನ.

ಹಿನ್ನೆಲೆ

ಕರ್ನಾಟಕದಲ್ಲಿ ಮಾದರಿ ವಿಮಾನ ಕಟ್ಟುವವರಿಗೆ ಸ್ಫೂರ್ತಿಯ ಕೊರತೆಯಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮುಂದೆ ಎಚ್‌ಎಎಲ್ ಆಯಿತು. ವಿ.ಎಂ. ಘಾಟಗೆ ಅವರ ನೇತೃತ್ವದ ಎಚ್‌ಟಿ-2, ಜರ್ಮನ್ ತಜ್ಞ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಹಾರಿದ ಮಾರುತ್, 2001ರ ಜನವರಿ 4ರಂದು ಮೊದಲ ಹಾರಾಟ ಕಂಡ ತೇಜಸ್, ಈ ಮೂರೂ ಬೆಂಗಳೂರಿನ ಆಕಾಶ ಕಂಡವು. ಮಾರುತ್ ಕಟ್ಟುವ ಮೊದಲು ಅದರ ಆಕಾರವನ್ನು ಪರೀಕ್ಷಿಸಲು 1959ರಲ್ಲಿ ಎಂಜಿನ್ ಇಲ್ಲದ, ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ಹಾರಿಸಿದ್ದರು. ಮಾದರಿ ಕಟ್ಟಿ ಹಾರಿಸಿ ಕಲಿಯುವ ಕ್ರಮಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಶಾಲೆ ಕಾಲೇಜುಗಳಿಗೆ ಈ ವಿದ್ಯೆ ತಲುಪಿದ್ದರಲ್ಲಿ ಎನ್‌ಸಿಸಿಯ ವಾಯುದಳ ವಿಭಾಗದ ಪಾಲು ದೊಡ್ಡದು. ಅಲ್ಲಿ ಏರೋಮಾಡೆಲಿಂಗ್ ತರಬೇತಿಯ ಭಾಗ. ಅಖಿಲ ಭಾರತ ವಾಯುಸೈನಿಕ ಶಿಬಿರದಲ್ಲಿ ಅದರ ಸ್ಪರ್ಧೆಗಳೂ ಇರುತ್ತವೆ. ತೆಂಗಿನ ಸೀಮೆಯ ಸುತ್ತಮುತ್ತ ವಿಮಾನೋದ್ಯಮವೂ ಬಂದು ಕೂತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಉತ್ತರಕ್ಕೆ ಚಳ್ಳಕೆರೆಯ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ 2017ರಿಂದ ಇದೆ. ದನಗಳಿಗಾಗಿ ಬಿಟ್ಟಿದ್ದ ಬಯಲು ಕಾವಲುಗಳೇ ಎರಡೂ ಕಡೆ ವಿಮಾನಗಳಿಗೆ ನೆಲವಾದವು.

ನೆಲ ಮತ್ತು ಋತು

ತೆಂಗಿನ ಸೀಮೆಯಲ್ಲಿ ಬಯಲು ಸಿಗುವುದೇ ಕಷ್ಟ. ಮಳೆಗಾಲ ಮುಗಿದ ಮೇಲೆ ಒಣಗುವ ಕೆರೆಯಂಗಳ, ಊರಾಚೆಯ ಗೋಮಾಳ, ಕಾವಲಿನ ಅಂಚು, ಇಷ್ಟೇ. ಮೂರೂ ಕಡೆ ವಿಮಾನದ ಕೆಳಹೊಟ್ಟೆಗೆ ಬೇರೆ ಬೇರೆ ಬಗೆಯ ಹಾನಿ. ಕೆರೆಯಂಗಳದ ಬಿರಿದ ಜೇಡಿ ಚಕ್ರವನ್ನು ಹಿಡಿದು ಗಾಲಿಯ ಕಂಬಿಯನ್ನು ಬಾಗಿಸುತ್ತದೆ. ಗೋಮಾಳದ ನೆಗ್ಗಿಲು ಮುಳ್ಳು ಸ್ಪಂಜಿನ ಚಕ್ರದೊಳಗೆ ಸೇರಿ ಅಲ್ಲೇ ಮುರಿಯುತ್ತದೆ. ಕಾವಲಿನ ಅಂಚಿನ ಬಳ್ಳಾರಿ ಜಾಲಿಯ ಮುಳ್ಳು ರೆಕ್ಕೆಯ ಹೊದಿಕೆಯನ್ನು ಉದ್ದಕ್ಕೆ ಸೀಳುತ್ತದೆ. ಹಾಗಾಗಿ ಹಾರಾಟ ಮುಗಿದ ಕೂಡಲೇ ವಿಮಾನವನ್ನು ಮಗುಚಿ ಹೊಟ್ಟೆಯನ್ನು ಮೊದಲು ನೋಡಬೇಕು.

ಆಷಾಢದ ಗಾಳಿಯಲ್ಲಿ ಹಾರಿಸದಿರುವುದೇ ಒಳ್ಳೆಯದು. ಕಾರ್ತಿಕದಿಂದ ಮಾಘದವರೆಗಿನ ಶಾಂತ ಬೆಳಗುಗಳು ಹಾರಾಟಕ್ಕೆ ಹೇಳಿಮಾಡಿಸಿದವು. ಆದರೆ ಆಗ ಹುಲ್ಲಿನ ಮೇಲೆ ಇಬ್ಬನಿ ಕೂತಿರುತ್ತದೆ. ಒದ್ದೆಯಾದ ಹೊಟ್ಟೆಗೆ ಧೂಳು ಅಂಟಿ ಒಣಗಿದರೆ ಉಪ್ಪುಕಾಗದದಷ್ಟು ಒರಟಾದ ಪದರ ಆಗುತ್ತದೆ. ಅದನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಮೊದಲು ಮೆತ್ತನೆ ಕುಂಚದಿಂದ ಉದುರಿಸಿ, ಆಮೇಲೆ ಒದ್ದೆ ಬಟ್ಟೆ ಮುಟ್ಟಿಸಬೇಕು.

ಧೂಳು ಮತ್ತು ಕಬ್ಬಿಣದ ಮರಳು

ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳು ಚಿತ್ರದುರ್ಗ ಶಿಸ್ಟ್ ವಲಯಕ್ಕೆ ಸೇರಿದವು. ಅಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿವೆ. ಮಳೆ ನಿಂತ ಮೇಲೆ ದಾರಿಯ ಬದಿಯ ಹಳ್ಳಗಳಲ್ಲಿ ಕಪ್ಪು ಮರಳಿನ ಗೆರೆಗಳು ಕಾಣುತ್ತವೆ. ಆ ಮರಳಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ. ಮಾದರಿ ವಿಮಾನಕ್ಕೆ ಇದು ಸಣ್ಣ ಸಂಗತಿಯಲ್ಲ. ಇಂದಿನ ಬಹುಪಾಲು ಮಾದರಿಗಳು ವಿದ್ಯುತ್ ಮೋಟಾರಿನವು. ಆ ಮೋಟಾರಿನ ಹೊರಗವಚದ ಒಳಬದಿಯಲ್ಲಿ ಬಲವಾದ ನಿಯೋಡೈಮಿಯಂ ಅಯಸ್ಕಾಂತಗಳಿರುತ್ತವೆ. ಅವಕ್ಕೂ ಒಳಗಿನ ತಂತಿಸುರುಳಿಯ ಹೃದಯಭಾಗಕ್ಕೂ ನಡುವೆ ಒಂದು ಮಿಲಿಮೀಟರ್‌ಗೂ ಕಡಿಮೆ ಸಂದು. ಇಳಿಯುವಾಗ ಮೂತಿ ನೆಲಕ್ಕೆ ತಾಗಿದರೆ ಕಬ್ಬಿಣದ ಕಣಗಳು ಅಲ್ಲಿ ಸೇರಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಊದಿದರೆ ಹೋಗುವುದಿಲ್ಲ.

ಮೋಟಾರನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ಕಿವಿಗೊಟ್ಟರೆ ಕರಕರ ಶಬ್ದ ಕೇಳುತ್ತದೆ. ಹೊರಗವಚ ಕಳಚಲು ಬರುವಂತಿದ್ದರೆ ಕಳಚಿ, ಅಂಟುಪಟ್ಟಿಯ ಅಂಟುಬದಿಯನ್ನು ಅಯಸ್ಕಾಂತಕ್ಕೆ ಒತ್ತಿ ಎತ್ತುವುದೇ ಸರಿಯಾದ ವಿಧಾನ. ಒಂದೆರಡು ಸಲ ಸಾಲದು; ಪಟ್ಟಿ ಶುಭ್ರವಾಗಿ ಎದ್ದು ಬರುವವರೆಗೂ ಮಾಡಬೇಕು. ಪಂಕ್ಚರ್ ಅಂಗಡಿಯ ಗಾಳಿ ಕೊಳವೆಯನ್ನು ಇದಕ್ಕೆ ಬಳಸಬಾರದು. ಜೋರು ಗಾಳಿ ಮರಳನ್ನು ಬೇರಿಂಗ್ ಒಳಕ್ಕೆ ನೂಕುತ್ತದೆ, ಜೊತೆಗೆ ಆ ಕೊಳವೆಯಲ್ಲಿ ನೀರಿನ ಹನಿ ಇರುತ್ತದೆ.

ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಮನೆಯಲ್ಲಿ ಧಾರಾಳವಾಗಿ ಇದೆಯೆಂದು ಕೊಬ್ಬರಿ ಎಣ್ಣೆ ಹಾಕುವುದು ಈ ಸೀಮೆಯಲ್ಲಿ ಸಹಜವಾಗಿ ಹೊಳೆಯುವ ಯೋಚನೆ, ಮತ್ತು ತಪ್ಪು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಾರಾಟಕ್ಕೆ ಒಳ್ಳೆಯದೆಂದ ಚಳಿಗಾಲದ ಬೆಳಗಿನಲ್ಲೇ ಅದು ಬೇರಿಂಗಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಲೇರಿದಾಗ ಕರಗಿ ಧೂಳನ್ನು ಹಿಡಿಯುತ್ತದೆ.

ತಿಪಟೂರಿನ ಸುತ್ತ ನಾರಿನ ಕಾರ್ಖಾನೆಗಳಿರುವ ಕಡೆ ಇನ್ನೊಂದು ಬಗೆಯ ಧೂಳಿದೆ. ನಾರು ಬಿಡಿಸಿದಾಗ ಉಳಿಯುವ ಪುಡಿ ತುಂಬ ಹಗುರ, ತೇವವನ್ನು ಹೀರಿ ಹಿಡಿದಿಡುವ ಗುಣ ಅದರದು. ರೆಕ್ಕೆ, ಬಾಲಗಳ ಕೀಲುಪಟ್ಟಿಗಳನ್ನು ಆಡಿಸುವ ಪುಟ್ಟ ಸರ್ವೋ ಮೋಟಾರಿನ ಸಂದಿನಲ್ಲೋ ತಂತಿಗಳ ಜೋಡಣೆಯಲ್ಲೋ ಅದು ಕೂತರೆ ಹಸಿ ಹೋಗುವುದೇ ಇಲ್ಲ, ಹಿತ್ತಾಳೆ ತುದಿಗಳು ಹಸಿರುಗಟ್ಟುತ್ತವೆ. ಒಣ ಕುಂಚದಿಂದ ಗುಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಜೋಡಣೆಗಳನ್ನು ಒರೆಸಬೇಕು.

ಮೈ ಒರೆಸುವ ಕ್ರಮ

ಮಾದರಿ ಯಾವುದರಿಂದ ಕಟ್ಟಿದ್ದೆಂದು ತಿಳಿಯದೆ ಯಾವ ದ್ರವವನ್ನೂ ಮುಟ್ಟಿಸಬಾರದು. ದಕ್ಷಿಣ ಅಮೆರಿಕದಿಂದ ಬರುವ ಬಾಲ್ಸಾ ಮರದ ಚೌಕಟ್ಟಿಗೆ ಬಿಸಿಗೆ ಬಿಗಿಯುವ ಪ್ಲಾಸ್ಟಿಕ್ ಫಿಲ್ಮ್ ಹೊದಿಸಿದ ಮಾದರಿಗಳಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ನೀರು ಹರಿಯುವಂತೆ ಸುರಿಯಬಾರದು. ಹೊದಿಕೆಯ ಜೋಡಣೆಗಳ ಮೂಲಕ ಒಳಗೆ ಇಳಿದರೆ ಬಾಲ್ಸಾ ಉಬ್ಬಿ ರೆಕ್ಕೆ ತಿರುಚಿಕೊಳ್ಳುತ್ತದೆ. ಹಳೆಯ ಹತ್ತಿ ಪಂಚೆಯ ತುಂಡಿಗಿಂತ ಒಳ್ಳೆಯ ಬಟ್ಟೆ ಇಲ್ಲ. ತೆಂಗಿನ ನಾರನ್ನಂತೂ ಹತ್ತಿರ ತರಬಾರದು.

ಬಿಳಿ ಥರ್ಮಾಕೋಲಿನ ಮಾದರಿಗಳನ್ನು ಪೆಟ್ರೋಲ್, ಥಿನ್ನರ್, ಅಸಿಟೋನ್ ಕರಗಿಸಿಬಿಡುತ್ತವೆ. ಕ್ಷಣದಲ್ಲಿ ಹಿಡಿಯುವ ಸಾಮಾನ್ಯ ಅಂಟೂ ಹಾಗೆಯೇ. ಥರ್ಮಾಕೋಲಿಗೆಂದೇ ತಯಾರಾದ ಅಂಟು ಬೇರೆ ಸಿಗುತ್ತದೆ. ಇವಕ್ಕೆ ಸೋಪು ನೀರು, ಹಟಮಾರಿ ಕಲೆಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಅಷ್ಟೇ. ಆದರೆ ಅದೇ ಆಲ್ಕೊಹಾಲನ್ನು ಚಾಲಕನ ಕೋಣೆಯ ಪಾರದರ್ಶಕ ಅಕ್ರಿಲಿಕ್ ಮುಚ್ಚಳಕ್ಕೆ ಹಚ್ಚಿದರೆ ಅದರ ಮೈಯಲ್ಲಿ ಜಾಲದಂಥ ಸಣ್ಣ ಬಿರುಕುಗಳು ಏಳುತ್ತವೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಅದಕ್ಕೆ ವಿಷ. ಸಂಜೆಯ ತೋಟದ ಸೊಳ್ಳೆಗಳಿಗೆಂದು ಕೈಗೆ ಹಚ್ಚಿಕೊಳ್ಳುವ ಮುಲಾಮುಗಳಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಅದೂ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಕೈ ತೊಳೆದು ವಿಮಾನ ಮುಟ್ಟುವುದು ಅಭ್ಯಾಸವಾಗಬೇಕು.

ಈ ಸೀಮೆಯ ಕೊಳವೆಬಾವಿ ನೀರು ಗಡಸು. ಕಡುಬಣ್ಣದ ರೆಕ್ಕೆಯ ಮೇಲೆ ಅದು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಒರೆಸುವಿಕೆಗೆ ಮಳೆನೀರು ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿದರೆ ತೊಂದರೆ ಇರದು.

ತೆಂಗಿನ ಮರದ ನೆರಳಿನಲ್ಲಿ ವಿಮಾನ ಇಡುವ ಅಭ್ಯಾಸವನ್ನು ಎರಡು ಕಾರಣಕ್ಕೆ ಬಿಡಬೇಕು. ಮೊದಲನೆಯದು ಬೀಳುವ ಕಾಯಿ ಮತ್ತು ಗರಿ. ಎರಡನೆಯದು ಸುರುಳಿಯಾಕಾರದಲ್ಲಿ ಮೊಟ್ಟೆಯಿಡುವ ಬಿಳಿನೊಣ. 2016ರಲ್ಲಿ ದಕ್ಷಿಣ ಭಾರತದ ತೆಂಗಿನಲ್ಲಿ ಕಾಣಿಸಿಕೊಂಡ ಈ ಕೀಟ ಗರಿಯ ಕೆಳಭಾಗದಲ್ಲಿ ಕೂತು ರಸ ಹೀರಿ, ಸಿಹಿಯಾದ ಅಂಟನ್ನು ಕೆಳಗೆ ಉದುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ರೆಕ್ಕೆಯ ಮೇಲೆ ಇದು ಬಿದ್ದು ಒಣಗಿದ್ದರೆ ಕೆರೆಯಬಾರದು. ಬೆಚ್ಚಗಿನ ಸೋಪು ನೀರಿನ ಬಟ್ಟೆಯನ್ನು ಹಲವು ನಿಮಿಷ ಮೇಲೆ ಹಾಸಿ ನೆನೆಸಿದರೆ ತಾನೇ ಬಿಡುತ್ತದೆ.

ಪ್ರಮಾಣಬದ್ಧ ಮಾದರಿಗಳಲ್ಲಿ ಕಟ್ಟಿದವರೇ ಬಿಡಿಸಿದ ಕೊಳೆಯೂ ಇರುತ್ತದೆ: ಎಂಜಿನ್ ಹೊಗೆಯ ಮಸಿ, ಎಣ್ಣೆ ಸೋರಿದ ಗೆರೆ, ಮಾಸಿದ ಗುರುತುಗಳು. ನಿಜವಾದ ವಿಮಾನದ ಬಾಳನ್ನು ತೋರಿಸುವ ಈ ಕೆಲಸಕ್ಕೆ ವಾರಗಳೇ ಹಿಡಿದಿರುತ್ತವೆ. ಹೊಸ ಕೈಗೆ ಒರೆಸಲು ಕೊಡುವ ಮೊದಲು ವಿಮಾನದ ಎಲ್ಲ ಮಗ್ಗುಲುಗಳ ಫೋಟೋ ತೆಗೆದಿಟ್ಟರೆ, ಯಾವುದು ಬಣ್ಣ, ಯಾವುದು ಕೊಳೆ ಎಂಬ ಅನುಮಾನ ಬರುವುದಿಲ್ಲ.

ಬಿಸಿಲಿಗೆ ಸುಕ್ಕುಗಟ್ಟಿದ ಫಿಲ್ಮನ್ನು ಇಸ್ತ್ರಿ ಹಾಕಿ ಮತ್ತೆ ಬಿಗಿಗೊಳಿಸಬಹುದು. ಚಿಪ್ಪಿನ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆ ಇದಕ್ಕೆ ಬೇಡ, ಅದರ ಬಿಸಿ ಹಿಡಿತಕ್ಕೆ ಸಿಗುವುದಿಲ್ಲ. ವಿದ್ಯುತ್ ಇಸ್ತ್ರಿಯ ತಳಕ್ಕೆ ತೆಳು ಹತ್ತಿಬಟ್ಟೆ ಸುತ್ತಿ, ಅತಿ ಕಡಿಮೆ ಬಿಸಿಯಿಂದ ಶುರುಮಾಡಿ, ಕಾಣದ ಮೂಲೆಯಲ್ಲಿ ಮೊದಲು ನೋಡಬೇಕು.

ಎಂಜಿನ್ ಮಾದರಿಗಳು

ಮೆಥನಾಲ್ ಇಂಧನದ ಪುಟ್ಟ ಎಂಜಿನ್‌ಗಳು ಈಗ ಕಡಿಮೆಯಾದರೂ ಕಾಲೇಜುಗಳಲ್ಲಿ, ಹಳಬರ ಕೈಯಲ್ಲಿ ಉಳಿದಿವೆ. ಅವುಗಳ ಇಂಧನದಲ್ಲಿ ಐದನೇ ಒಂದು ಭಾಗದಷ್ಟು ಎಣ್ಣೆ ಬೆರೆತಿರುತ್ತದೆ, ಹಲವು ಮಿಶ್ರಣಗಳಲ್ಲಿ ಅದು ಹರಳೆಣ್ಣೆ. ಮೊದಲ ಮಹಾಯುದ್ಧದ ವಿಮಾನಗಳ ತಿರುಗುವ ಎಂಜಿನ್‌ಗಳಿಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಹೆಚ್ಚು ಬಿಸಿಯಲ್ಲೂ ಅದು ಲೋಹದ ಮೇಲೆ ಪದರವಾಗಿ ನಿಲ್ಲುತ್ತದೆ. ಹೊಲದ ಅಂಚಿನಲ್ಲಿ ಹರಳು ಬೆಳೆಯುವ ತುಮಕೂರು ಸೀಮೆಯವರಿಗೆ ಈ ಎಣ್ಣೆಯ ಅಂಟುಗುಣವನ್ನು ವಿವರಿಸಬೇಕಿಲ್ಲ. ಹೊಗೆಯೊಂದಿಗೆ ಹೊರಬಂದ ಎಣ್ಣೆ ವಿಮಾನದ ಒಂದು ಮಗ್ಗುಲನ್ನೆಲ್ಲ ನೆನೆಸುತ್ತದೆ. ಅದೇ ದಿನ ಸೋಪು ನೀರಿನಲ್ಲಿ ಒರೆಸಿದರೆ ಹೋಗುತ್ತದೆ. ಬಿಟ್ಟರೆ ಧೂಳು ಹಿಡಿದು ಕಂದುಬಣ್ಣದ ಅರಗಾಗುತ್ತದೆ.

ಹೆಚ್ಚಿನ ಅಪಾಯ ಮೂತಿಯ ಹಿಂದಿನ ಪ್ಲೈವುಡ್ ಗೋಡೆಯಲ್ಲಿ. ಎಂಜಿನ್ ಕೂರುವುದು ಅದರ ಮೇಲೆ. ಎಣ್ಣೆ ಹೀರಿದ ಮರದಲ್ಲಿ ಅಂಟು ಹಿಡಿತ ಕಳೆದುಕೊಳ್ಳುತ್ತದೆ, ಎಂಜಿನ್ ಹಾರಾಟದಲ್ಲೇ ಕಿತ್ತು ಹೋಗಬಹುದು. ಮೆಕ್ಕೆಜೋಳದ ಪಿಷ್ಟವನ್ನು (ಕಾರ್ನ್‌ಫ್ಲೋರ್) ಆಲ್ಕೊಹಾಲಿನಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಗುಡಿಸಿದರೆ ಎಣ್ಣೆಯ ಒಂದಿಷ್ಟು ಭಾಗ ಹೊರಬರುತ್ತದೆ. ಇದನ್ನು ಮತ್ತೆ ಮತ್ತೆ ಮಾಡಬೇಕು.

ದಿನದ ಹಾರಾಟ ಮುಗಿದಾಗ ಇಂಧನದ ಕೊಳವೆ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒಳಗೆ ಕೆಲವು ಹನಿ ರಕ್ಷಕ ಎಣ್ಣೆ ಬಿಡಬೇಕು. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಮೆಥನಾಲ್ ವಿಷ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಕ್ಕಳ ಕೈಗೆ ಸಿಗದಂತೆ, ಹೆಸರು ಬರೆದ ಡಬ್ಬದಲ್ಲೇ ಇಡಬೇಕು.

ಬ್ಯಾಟರಿ

ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗಿಳಿದರೆ ಶಾಶ್ವತ ಹಾನಿ. ವಾರಗಟ್ಟಲೆ ಇಡುವುದಾದರೆ 3.8 ವೋಲ್ಟ್ ಆಸುಪಾಸಿನಲ್ಲಿ ಇಡಬೇಕು. ತುಂಬಿದ ಬ್ಯಾಟರಿಯನ್ನು ಏಪ್ರಿಲ್ ಬಿಸಿಲಿನಲ್ಲಿ ಬಾಗಿಲು ಮುಚ್ಚಿದ ಕಾರಿನಲ್ಲಿ ಬಿಡುವುದು ಈ ಹವ್ಯಾಸದಲ್ಲಿ ಮಾಡಬಹುದಾದ ಅತಿ ಕೆಟ್ಟ ತಪ್ಪುಗಳಲ್ಲೊಂದು. ಉಬ್ಬಿದ ಬ್ಯಾಟರಿಗೆ ಚಿಕಿತ್ಸೆಯಿಲ್ಲ. ಅದನ್ನು ಚಾರ್ಜ್ ಮಾಡದೆ ಬ್ಯಾಟರಿ ಮರುಬಳಕೆಯವರಿಗೆ ಒಪ್ಪಿಸಬೇಕು, ತಿಪ್ಪೆಗೆ ಎಸೆಯಬಾರದು. ಸಿಪ್ಪೆ, ಗರಿ, ನಾರು ರಾಶಿಬಿದ್ದಿರುವ ತೋಟದ ಮನೆಯಲ್ಲಿ ಚಾರ್ಜ್ ಮಾಡುವಾಗ ಸಿಮೆಂಟು ನೆಲವೇ ಬೇಕು, ಪಕ್ಕದಲ್ಲಿ ಒಣಮರಳಿನ ಬಕೆಟ್ ಇರಬೇಕು, ಯಾರಾದರೊಬ್ಬರು ಎದುರಿಗೇ ಕೂತಿರಬೇಕು.

ಮರಕ್ಕೆ ಸಿಕ್ಕ ವಿಮಾನ, ನೀರಿಗೆ ಬಿದ್ದ ವಿಮಾನ

ತೆಂಗಿನ ಸೀಮೆಯಲ್ಲಿ ಹಾರಿಸುವವರೆಲ್ಲರಿಗೂ ಒಂದಲ್ಲ ಒಂದು ದಿನ ಇದು ತಪ್ಪಿದ್ದಲ್ಲ. ವಿಮಾನ ಸುಳಿಯಲ್ಲೋ ಎರಡು ಗರಿಗಳ ನಡುವೆಯೋ ಸಿಕ್ಕಿಕೊಳ್ಳುತ್ತದೆ. ಆಗ ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಆರಿಸಬಾರದು. ವೇಗದ ಕಡ್ಡಿಯನ್ನು ಪೂರ್ತಿ ಕೆಳಗಿಳಿಸಿ, ಮೋಟಾರು ತಡೆಯುವ ಸ್ವಿಚ್ ಇದ್ದರೆ ಹಾಕಿ, ಮೇಲೆ ಹತ್ತಿದವರು ಬ್ಯಾಟರಿ ಕಿತ್ತೆನೆಂದು ಕೂಗುವವರೆಗೂ ಹಾಗೇ ಹಿಡಿದಿರಬೇಕು. ಸಂಕೇತ ತಪ್ಪಿದಾಗ ಮೋಟಾರು ನಿಲ್ಲುವ ವ್ಯವಸ್ಥೆ ಸರಿಯಾಗಿ ಹೊಂದಿಸದ ವಿಮಾನದ ಪ್ರೊಪೆಲ್ಲರ್ ಇದ್ದಕ್ಕಿದ್ದಂತೆ ತಿರುಗಿ ಬೆರಳು ಕತ್ತರಿಸಬಲ್ಲದು. ಹತ್ತುವ ಕೆಲಸ ಕಾಯಿ ಕೀಳುವ ಅನುಭವಿಗಳದ್ದು, ಹುಡುಗರದ್ದಲ್ಲ. ಅಲ್ಯೂಮಿನಿಯಂ ದೋಟಿಯಿಂದ ಎಳೆಯುವುದು ಇನ್ನೂ ಅಪಾಯ: ತೋಟಗಳಲ್ಲಿ ಪಂಪ್‌ಸೆಟ್ಟಿನ ವಿದ್ಯುತ್ ತಂತಿಗಳು ಗರಿಗಳ ಪಕ್ಕದಲ್ಲೇ ಹಾದಿರುತ್ತವೆ. ತಂತಿಗೆ ಸಿಕ್ಕಿದ್ದರೆ ಲೈನ್‌ಮನ್‌ಗೆ ಹೇಳುವುದೊಂದೇ ದಾರಿ.

ಕೆಳಗೆ ಬಂದ ವಿಮಾನ ಹೊರನೋಟಕ್ಕೆ ಚೆನ್ನಾಗಿದ್ದರೂ ನಂಬಬಾರದು. ರೆಕ್ಕೆಯ ಎರಡು ತುದಿ ಹಿಡಿದು ಮೆಲ್ಲಗೆ ತಿರುಚಿದಾಗ ಟಕ್ ಎಂದರೆ ಒಳಗಿನ ತೊಲೆ ಮುರಿದಿದೆ. ಪ್ರತಿ ಕೀಲನ್ನೂ ಎಳೆದು ನೋಡಬೇಕು. ರೆಕ್ಕೆಯ ಹಿಂದಂಚಿನ ಕೀಲುಪಟ್ಟಿಯಾದ ಐಲೆರಾನ್‌ನ ಕೀಲು ಸಡಿಲವಿದ್ದರೆ ಅದು ವೇಗದಲ್ಲಿ ಅದುರತೊಡಗಿ ಕ್ಷಣದಲ್ಲಿ ರೆಕ್ಕೆಯನ್ನೇ ಚೂರು ಮಾಡುತ್ತದೆ. ಮೊನೆ ಮುಕ್ಕಾದ ಪ್ರೊಪೆಲ್ಲರನ್ನು ಅಂಟಿಸದೆ ಎಸೆಯಬೇಕು. ದುರಸ್ತಿಯ ನಂತರ ಗುರುತ್ವಕೇಂದ್ರವನ್ನು ಮತ್ತೆ ಅಳೆಯಬೇಕು. ಬಾಲದಲ್ಲಿ ಸೇರಿದ ಅಂಟಿನ ತೂಕವನ್ನು ಸರಿತೂಗಿಸಲು ಮೂತಿಗೆ ಅದರ ಎರಡು ಮೂರು ಪಟ್ಟು ತೂಕ ಬೇಕಾಗುತ್ತದೆ, ಏಕೆಂದರೆ ಬಾಲ ಗುರುತ್ವಕೇಂದ್ರದಿಂದ ಹೆಚ್ಚು ದೂರ.

ಮಲ್ಲಾಘಟ್ಟ ಕೆರೆಯಲ್ಲೋ ಬೋರನಕಣಿವೆ ಜಲಾಶಯದಲ್ಲೋ ಹೇಮಾವತಿ ನಾಲೆಯಲ್ಲೋ ಬಿದ್ದು ಸಿಕ್ಕಿದ ವಿಮಾನದ ಬ್ಯಾಟರಿಯನ್ನು ಮೊದಲು ಕಿತ್ತು ದೂರ, ಬಯಲಿನಲ್ಲಿ ಇಡಬೇಕು; ನೀರು ಒಳಸೇರಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಕೆಸರು ಒಣಗಲು ಬಿಡದೆ ಸಂಕೇತ ಹಿಡಿಯುವ ರಿಸೀವರ್, ಸರ್ವೋಗಳನ್ನು ಶುದ್ಧ ನೀರಿನಲ್ಲಿ ಜಾಲಿಸಿ, ಆಲ್ಕೊಹಾಲಿನಲ್ಲಿ ತೊಳೆದು, ನೆರಳಿನಲ್ಲಿ ದಿನಗಟ್ಟಲೆ ಒಣಗಿಸಬೇಕು. ಅಕ್ಕಿ ಡಬ್ಬದಲ್ಲಿ ಹೂಳುವ ರೂಢಿಯಿಂದ ಪುಡಿ ಒಳಸೇರುವುದಷ್ಟೇ ಲಾಭ. ಒಣಗಿದ ಮೇಲೆ ಟ್ರಾನ್ಸ್‌ಮಿಟರಿನ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ, ತಯಾರಕರು ಹೇಳಿದ ದೂರದಲ್ಲಿ ಸಂಕೇತ ಪರೀಕ್ಷೆ ಮಾಡದೆ ಮತ್ತೆ ಹಾರಿಸಬಾರದು.

ಇಡುವ ಜಾಗ

ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಗಳನ್ನು 8ರಿಂದ 12 ತಿಂಗಳು ಕೂಡಿಡುವ ಅಟ್ಟ ಈ ಸೀಮೆಯ ಮನೆಗಳ ಗುರುತು. ಉದ್ದ ರೆಕ್ಕೆಯ ವಿಮಾನಕ್ಕೆ ಅಲ್ಲಿ ಜಾಗವಿದೆ ಎನ್ನಿಸುವುದು ನಿಜ. ಆದರೆ ಕಾಯಿಯ ಆಸೆಗೆ ಬರುವ ಇಲಿ ಬಾಲ್ಸಾವನ್ನೂ ತಂತಿಯನ್ನೂ ಬಿಡುವುದಿಲ್ಲ, ಶೀಟಿನ ಕೆಳಗಿನ ಕಾವಿಗೆ ಫೋಮಿನ ರೆಕ್ಕೆ ಬಾಗುತ್ತದೆ. ಒಳಕೋಣೆಯ ಗೋಡೆಗೆ ಮೆತ್ತನೆ ಪಟ್ಟಿಗಳಲ್ಲಿ ತೂಗುಹಾಕಿ, ಹಳೆಯ ಸೀರೆ ಹೊದಿಸುವುದು ಮೇಲು. ಪ್ಲಾಸ್ಟಿಕ್ ಚೀಲ ಹಾಕಿದರೆ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ.

ಕೃಷಿ ಡ್ರೋನ್‌ಗಳು

2023ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ನಮೋ ಡ್ರೋನ್ ದೀದಿ ಯೋಜನೆಯ ನಂತರ ಸ್ವಸಹಾಯ ಸಂಘಗಳ ಕೈಗೆ ಔಷಧಿ ಸಿಂಪಡಿಸುವ ಡ್ರೋನ್‌ಗಳು ಬರತೊಡಗಿವೆ. ಮೋಟಾರು, ಬ್ಯಾಟರಿಗಳ ಆರೈಕೆ ಅವಕ್ಕೂ ಇದೇ. ಹೆಚ್ಚಿನದೆಂದರೆ, ಪ್ರತಿ ಸಿಂಪಡಣೆಯ ನಂತರ ತೊಟ್ಟಿ, ಕೊಳವೆ, ನಳಿಕೆಗಳನ್ನು ಬಾವಿ ಕೆರೆಗಳಿಂದ ದೂರದಲ್ಲಿ, ಕೈಗವಸು ಹಾಕಿಕೊಂಡು ತೊಳೆಯಬೇಕು.

ಕಾನೂನು ಮತ್ತು ದಾಖಲೆ

2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ವಿನೋದಕ್ಕಷ್ಟೇ ಬಳಸುವ, ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸುವ ಮಾದರಿಗಳಿಗೆ ವಿನ್ಯಾಸ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಕಿಲ್ಲ. ಗುಬ್ಬಿಯ ಕಾರ್ಖಾನೆ ಸಮೀಪವಿರುವುದರಿಂದ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಬಯಲು ಯಾವ ವಲಯದಲ್ಲಿದೆಯೆಂದು ಹಾರಾಟಕ್ಕೆ ಮೊದಲು ನೋಡುವುದು ಇಲ್ಲಿನವರ ಹೊಣೆ.

ದೊಡ್ಡ ವಿಮಾನಗಳ ಪ್ರತಿ ದುರಸ್ತಿಯೂ ದಾಖಲೆ ಪುಸ್ತಕದಲ್ಲಿ ಇರುತ್ತದೆ. ಮಾದರಿ ವಿಮಾನಕ್ಕೂ ಒಂದು ನೋಟುಪುಸ್ತಕ ಇಡಿ. ಯಾವ ದಿನ ಹಾರಿತು, ಒರೆಸುವಾಗ ಏನು ಕಂಡಿತು, ಯಾವ ಕೀಲು ಬದಲಾಯಿತು, ಯಾವ ಬ್ಯಾಟರಿ ಎಷ್ಟು ಸಲ ಚಾರ್ಜ್ ಆಯಿತು ಎಂಬುದನ್ನು ಆ ಸಂಜೆಯೇ ಬರೆಯಿರಿ. ಶಾಲೆ, ಕಾಲೇಜುಗಳಲ್ಲಿ ಒಂದೇ ವಿಮಾನ ಹಲವು ತಂಡಗಳ ಕೈ ದಾಟುವುದರಿಂದ ಅಲ್ಲಿ ಈ ಪುಸ್ತಕವನ್ನು ಕಡ್ಡಾಯ ಮಾಡಬೇಕು.